ಎಡಕ್ಕೆ ಹೊರಳಿದ ಕೊಂಡಿ

ಹೊರದೇಶದಿಂದ ಬಂದ ಅಗ್ಗದ ಸೀರೆಗಳನ್ನು ಸಂತೆಯಲ್ಲಿ ಕೊಯ್ಯುವ ಸರದಿ ಅಂದು ಬಸಲಿಂಗವ್ವನದಾಗಿತ್ತು. ಸೀರೆ ಕೊಯ್ದರೆ ಅದನ್ನು ನೇಯ್ದವರ ಕೈ ಎಲ್ಲಿದ್ದರೂ ಸೀಳುತ್ತದೆ. ನೆತ್ತರು ಮಾತ್ರ ಇಲ್ಲಿ, ಸೀರೆಯಿಂದಲೇ ಚಿಮ್ಮುತ್ತದೆ. ನೂಲಿನ ಬೆಲೆಗಿಂತಲೂ ಕಡಿಮೆಗೆ ಸೀರೆ ಮಾರಿ ಇಳಕಲ್ಲಿನ ಅರ್ಧ ಮಗ್ಗಗಳನ್ನು ನಿಲ್ಲಿಸಿದ ಕಂಪನಿ, ನೇಯುವ ಕೈಗಳೇ ಹೋದರೆ ತಾನಾಗಿ ಬಾಗಿಲು ಹಾಕುತ್ತದೆಂದು ಊರು ನಂಬಿತ್ತು. ಬಸಲಿಂಗವ್ವನೂ ನಂಬಿದ್ದಳು. ಮಧ್ಯಾಹ್ನದ ಹೊತ್ತಿಗೆ ಕುಡುಗೋಲು ಕೈಯಲ್ಲಿ ಜಾರತೊಡಗಿತು. ಅಂಗೈಗೆ ಬೂದಿ ಉಜ್ಜಿಕೊಂಡು ಮುಂದಿನ ಸೀರೆಯನ್ನು ಎಳೆದುಕೊಂಡಳು.

ಅದಕ್ಕೆ ಎಡಕ್ಕೆ ಹೊರಳಿದ ಕೊಂಡಿಯಿತ್ತು. ಒಡಲಿನ ಎಳೆಯನ್ನು ಸೆರಗಿನ ಎಳೆಗೆ ಒಂದೊಂದಾಗಿ ಕೈಯಿಂದ ಸಿಕ್ಕಿಸಿ ಕೊಂಡಿ ಹಾಕುವವರು ಇಳಕಲ್ಲಿನವರು. ಅದನ್ನು ಎಡಕ್ಕೆ ಹೊರಳಿಸಿ ಹಾಕುವುದು ಅವಳ ತವರುಮನೆಯ ರೂಢಿ. ಮಗ್ಗ ನಿಂತ ವರ್ಷ ಹಡಗು ಹತ್ತಿ ಹೋದ ತಂಗಿ ದಾನಮ್ಮ ಎಲ್ಲಿ ದುಡಿಯುತ್ತಿದ್ದಾಳೆಂದು ಅವಳಿಗೆ ಆಗ ತಿಳಿಯಿತು.

"ಕೊಯ್ಯಿ ಯಕ್ಕಾ," ಎಂದ ಪಕ್ಕದ ಮನೆಯ ನೇಕಾರ ಗುರುಶಿದ್ದಪ್ಪ.

"ಇದು ನನ್ನ ತಂಗಿ ನೇಯ್ದದ್ದು."

"ಯಾರದರ ಇರಲಿ. ಇದು ಪ್ಯಾಟಿಗೆ ಹೋದ್ರ ನನ್ನ ಮಗ್ಗಾನೂ ನಿಲ್ತೈತಿ."

ಅವನು ಸೀರೆಯನ್ನು ಕಸಿದು ಕಲ್ಲಿನ ಮೇಲೆ ಹಾಸಿ, ತನ್ನ ಕುಡುಗೋಲು ಎತ್ತಿದ. ಅದು ಇಳಿಯುವ ಮೊದಲೇ ಬಸಲಿಂಗವ್ವನ ಕುಡುಗೋಲು ಅವನ ಮುಂಗೈ ಮೇಲೆ ಬಿತ್ತು. ಎಲುಬು ತುಂಡಾದ ಸದ್ದು ಸಂತೆಗೆಲ್ಲ ಕೇಳಿಸಿತು. ಅವನು ಕೂಗುತ್ತ ಕುಸಿದಾಗ ಅವಳು ತೊಯ್ದ ಸೀರೆಯನ್ನು ಎತ್ತಿಕೊಂಡು ಕೊಂಡಿಗಳನ್ನು ತಡಕಿ ನೋಡಿದಳು.

ಒಂದೂ ಕಡಿದಿರಲಿಲ್ಲ. ಗುರುಶಿದ್ದಪ್ಪನ ಮಗ್ಗ ಅಂದೇ ನಿಂತಿತು.