ಕಪ್ಪು ಪರದೆಯ ಹಿಂದಿನ ಬಾತಿಮಾ

ಬಾತಿಮಾ ಮುಖ ತೋರಿಸಲಿಲ್ಲ.

ಲ್ಯಾಪ್‌ಟಾಪಿನ ಪರದೆ ಕಪ್ಪಗೇ ಇತ್ತು. ಕುಲ್ಯಾಶ್ ಮನಸ್ಸಿನಲ್ಲೇ ಬೈದುಕೊಂಡಳು. ಹದಿನೆಂಟು ವರ್ಷಗಳ ಹಿಂದೆ ಕಿಝಿಲೊರ್ದಾ ಊರಿನ ಐತಿಸ್‌ನಲ್ಲಿ, ಸಾವಿರ ಜನರೆದುರು ನಡೆದ ಆ ಹಾಡಿನ ಜಗಳದಲ್ಲಿ, ಇದೇ ಬಾತಿಮಾ ಅವಳ ಬಾಯಿ ಮುಚ್ಚಿಸಿದ್ದಳು. ಅಂದು ಗೋಡೆಗೆ ತೂಗುಹಾಕಿದ ಎರಡು ತಂತಿಯ ದೊಂಬ್ರಾವನ್ನು ಕುಲ್ಯಾಶ್ ಕೆಳಗಿಳಿಸಿದ್ದು ಈ ತಿಂಗಳು. ಅರವತ್ತು ದಾಟಿದವರಲ್ಲಿ ಒಬ್ಬರಿಗೆ ಮಾತ್ರ ಅಲ್ಮಾಟಿ ನಗರದ ಐತಿಸ್ ವೇದಿಕೆ. ಆಯ್ಕೆ ಇವತ್ತು, ಬಾತಿಮಾಳ ಎದುರೇ, ಕಂಪ್ಯೂಟರಿನಲ್ಲೇ.

"ಹಸಿರು ಗುಂಡಿ ಒತ್ತಿ ಅಪಾ, ಮಿಕ್ಕಿದ್ದೆಲ್ಲ ಅದೇ ಹೇಳುತ್ತೆ," ಎಂದು, ಅತ್ತೆಯನ್ನು ಅಪಾ ಎಂದೇ ಕರೆಯುವ ಸೊಸೆ ಜಾದಿರಾ ಮಗುವನ್ನು ಮಲಗಿಸಲು ಹೋಗಿದ್ದಳು. ಗುಂಡಿ ಒತ್ತಿದ್ದೇ ಪರದೆಯ ಮೂಲೆಯಲ್ಲಿ ಏನೋ ಸಣ್ಣ ಅಕ್ಷರಗಳು ಮಿನುಗಿದವು. ಕನ್ನಡಕ ಹುಡುಕುವ ವ್ಯವಧಾನ ಯಾರಿಗಿತ್ತು? ಕುಲ್ಯಾಶ್ ತಂತಿ ಮೀಟಿಯೇಬಿಟ್ಟಳು.

"ಹಲ್ಲು ಹೋದ ಒಂಟೆ ನೀನು, ಮುಳ್ಳು ಮೇಯಲು ಬಂದೆಯಾ?
ಸೊಲ್ಲು ಹೋದ ಗಂಟಲಲ್ಲಿ ಹಾಡು ಕಟ್ಟಿ ತಂದೆಯಾ?"

ಹಾಡು ನಿಂತ ಮೇಲೆ ಲ್ಯಾಪ್‌ಟಾಪಿನೊಳಗಿಂದ ಅದೇ ಪದ ತಿರುಗಿ ಬಂತು. ಎದುರಾಳಿಯ ಪದವನ್ನೇ ಎತ್ತಿ ಅವಳ ಮುಖಕ್ಕೆ ಎಸೆಯುವುದು ಬಾತಿಮಾಳ ಹಳೆಯ ಚಾಳಿ. ಅಂದು ಗೆದ್ದದ್ದೂ ಹೀಗೆಯೇ. ಆದರೆ ದನಿ! ಒಡಕಲು, ಅರ್ಧ ಮೂಗಿನದು. ಕುಲ್ಯಾಶ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ದೊಂಬ್ರಾ ಮಾತ್ರ ಪರವಾಗಿಲ್ಲ, ಚೆನ್ನಾಗಿಯೇ ನುಡಿಸುತ್ತಾಳೆ.

"ತೊಟ್ಟಿಲು ತೂಗುವ ಕಾಲದಲ್ಲಿ ಪಟ್ಟಕೆ ಆಸೆ ಪಡುವೆಯಾ?
ಹೊಟ್ಟೆಕಿಚ್ಚಿನ ಮುದುಕಿ, ಈಗಲಾದರೂ ಹಟವ ಬಿಡುವೆಯಾ?"

ಅದೂ ತಿರುಗಿ ಬಂತು, ಅಕ್ಷರ ಬಿಡದೆ. ಈ ಸಲ ನಾಟಿತು. ತಿಂಗಳಿಡೀ ನೆಂಟರಿಷ್ಟರು ಅವಳಿಗೆ ಹೇಳಿದ್ದೂ ಇದನ್ನೇ ಅಲ್ಲವೇ? ಬೆರಳು ತಂತಿಯ ಮೇಲೆಯೇ ನಿಂತಿತು. ವಿಚಿತ್ರವೆಂದರೆ, ಸಿಟ್ಟೂ ಬರಲಿಲ್ಲ. ಆ ಮುದಿ ದನಿಯ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು.

"ಹಟ ಬಿಡ್ಬೇಡ ಕಣೇ," ಎಂದಳು ಮೆಲ್ಲಗೆ. "ನೀನೇ ಗೆದ್ದೆ, ಅಕ್ಕಾ."

ಮತ್ತೆ ಆ ದನಿ, ಅಷ್ಟೇ ಮೆಲ್ಲಗೆ: "ಹಟ ಬಿಡ್ಬೇಡ ಕಣೇ. ನೀನೇ ಗೆದ್ದೆ, ಅಕ್ಕಾ."

ಜಾದಿರಾ ಒಳಗೆ ಬಂದಾಗ ಅತ್ತೆ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಯ್ಯೋ, ಏನಾಯ್ತು ಅಪಾ?"

"ಬಾತಿಮಾ ಚಿನ್ನದಂಥವಳು ಕಣೇ. ಹದಿನೆಂಟು ವರ್ಷ ಸುಮ್ನೆ ಶಾಪ ಹಾಕ್ಬಿಟ್ಟೆ."

ಜಾದಿರಾ ಪರದೆಯತ್ತ ಬಗ್ಗಿ, ಮೂಲೆಯ ಸಣ್ಣ ಅಕ್ಷರಗಳನ್ನು ಜೋರಾಗಿ ಓದಿದಳು:

"ಪರೀಕ್ಷೆ ಮುಗಿಯಿತು. ಮರಳಿ ಕೇಳಿಸಿದ್ದು ನಿಮ್ಮದೇ ದನಿ; ಮೈಕ್ ಚೆನ್ನಾಗಿದೆ. ಕ್ಯಾಮೆರಾದ ಮುಚ್ಚಳ ತೆಗೆಯಿರಿ. ಎದುರಾಳಿ ಬರಲು ಇನ್ನೂ ಹತ್ತು ನಿಮಿಷವಿದೆ."