ರಾಜಾಸಾಬ್ ಕೇಳಿದ ಇಂಜಿನ್

ಬೆಳಿಗ್ಗೆ ಹತ್ತೂಕಾಲಿಗೆ, ಹರಪನಹಳ್ಳಿಯ ಹಳೇ ಗಾಡಿ ದಲ್ಲಾಳಿಯೊಬ್ಬನ ಅಂಗಳದಲ್ಲಿ, ಕೊಟ್ಟೂರಿನ ಮೆಕ್ಯಾನಿಕ್ ರಾಜಾಸಾಬ್ ಕಪ್ಪು ಅಂಬಾಸಿಡರ್‌ನ ಓಡುತ್ತಿದ್ದ ಇಂಜಿನ್ನಿಗೆ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಯನ್ನು ಕಿವಿಗೆ ಹಚ್ಚಿದ. ಏನೂ ಕೇಳಿಸಲಿಲ್ಲ.

ಪಕ್ಕದ ಬೂದು ಫಿಯೆಟ್‌ಗೂ ಹಾಗೇ ಹಚ್ಚಿ ನೋಡಿದ್ದ. ಅದರಲ್ಲೂ ಕೇಳಿಸಿರಲಿಲ್ಲ. ಪಂಪ್‌ಸೆಟ್ಟು, ಲಾರಿ, ತಗಡಿನ ಬಡಿತದ ನಡುವೆ ಮೂವತ್ತೊಂದು ವರ್ಷ ದುಡಿದ ಕಿವಿ ಎರಡು ವರ್ಷದಿಂದ ಸಣ್ಣ ಸದ್ದುಗಳನ್ನು ಹಿಡಿಯುತ್ತಿರಲಿಲ್ಲ. ಮೊದಮೊದಲು ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದರೆ ಒಳಗಿನ ಬಡಿತ ತಲೆಗೆ ಬರುತ್ತಿತ್ತು. ಯುಗಾದಿ ಆದಮೇಲೆ ಅದೂ ನಿಂತಿತು. ಮಾತನ್ನು ಅರ್ಧ ಕೇಳಿ, ಅರ್ಧ ತುಟಿ ನೋಡಿ ತಿಳಿಯುತ್ತಿದ್ದ. ಹೆಂಡತಿ ಜುಬೇದಾ ಬೀಗೆ ಮಾತ್ರ ಇದು ಗೊತ್ತು. ಕೊಟ್ಟೂರಿನ ಸುತ್ತ ಹಳೇ ಗಾಡಿ ಕೊಳ್ಳುವವರೆಲ್ಲ ಇಂಜಿನ್ನನ್ನು ರಾಜಾಸಾಬ್‌ಗೆ ಕೇಳಿಸಿಯೇ ಮುಂಗಡ ಕೊಡುತ್ತಿದ್ದರು. ಅವನ ಗ್ಯಾರೇಜು ನಿಂತದ್ದೇ ಆ ಹೆಸರಿನ ಮೇಲೆ.

ಕಾರು ಕೊಳ್ಳಲು ಅವನನ್ನು ಕರೆತಂದಿದ್ದ ಹುಲುಗಣ್ಣನ ಕೈಗೆ ಲೈಸೆನ್ಸು ಬಂದು ಆಗ ಒಂಬತ್ತು ದಿನ. ಹದಿನಾಲ್ಕು ವರ್ಷ ಲಾರಿ ಕ್ಲೀನರ್ ಆಗಿದ್ದವನು. ಅವನು ಕೂಡಿಸಿದ್ದಕ್ಕೆ ಹೆಂಡತಿ ಅಂಜಿನಕ್ಕ ಮೂರು ಎಮ್ಮೆ ಮಾರಿ ಸೇರಿಸಿದ್ದಳು. ಕಾರು ಬಂದರೆ ಉಜ್ಜಿನಿ ಮಠಕ್ಕೆ ಹೋಗಿಬರುವ ಭಕ್ತರ ಬಾಡಿಗೆ ಹೊಡೆಯುವುದೆಂದು ಮಾತಾಗಿತ್ತು.

“ಫಿಯೆಟ್ ಚಂದ ಐತಿ ನೋಡ್ರಿ, ಸಾಬ್ರ,” ಎಂದ ಹುಲುಗಣ್ಣ.

“ಚಂದ ತಗೊಂಡು ನೆಕ್ಕತೀಯೇನು? ಎಂಟು ಮಂದಿ ಬಂದ್ರ ಎಲ್ಲಿ ಕುಂದರಸ್ತಿ, ನಿನ್ನ ತೊಡಿ ಮ್ಯಾಲೇನು?” ಅಂಜಿನಕ್ಕ ಗಂಡನನ್ನು ಗದರಿ ರಾಜಾಸಾಬ್‌ನ ಕಡೆ ತಿರುಗಿದಳು. “ಅಣ್ಣಾ, ನಮಗೇನು ತಿಳಿತೈತಿ. ನೀ ಯಾವ್ದು ಅಂತಿ ಅದು. ಇನ್ನೊಮ್ಮಿ ಕೊಳ್ಳಾಕ ನಮ್ಮತ್ರ ಏನೂ ಉಳಿದಿಲ್ಲ.”

ಕಿವಿ ಕೇಳಿಸದು ಎಂದು ಹೇಳುವುದಿದ್ದರೆ ಅದೇ ಹೊತ್ತು. ದಲ್ಲಾಳಿ ಮಗ್ಗುಲಲ್ಲೇ ನಿಂತು ನೋಡುತ್ತಿದ್ದ. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಕೊಟ್ಟೂರು ಮುಟ್ಟುತ್ತಿತ್ತು. ರಾಜಾಸಾಬ್ ಸ್ಕ್ರೂಡ್ರೈವರ್ ಒರೆಸಿ ಜೇಬಿಗಿಟ್ಟ.

“ಅಂಬಾಸಿಡರ್ ತಗೋರಿ. ಒಳಗ ಚೊಕ್ಕ ಐತಿ.”

ಹನ್ನೆರಡು ಗಂಟೆಗೆ ಮೂವರೂ ಆ ಕಾರಿನಲ್ಲೇ ಕೊಟ್ಟೂರಿನ ದಾರಿ ಹಿಡಿದರು. ಬರಿಗಿವಿಗೆ ಕೇಳದಂತೆ ಸದ್ದು ಅಡಗಿಸಲು ದಲ್ಲಾಳಿ ಹಾಕಿದ್ದ ದಪ್ಪ ಎಣ್ಣೆ ಬಿಸಿಯಾಗಿ ತೆಳುವಾಯಿತು. ಹುಲುಗಣ್ಣ ಮುಖ ತಿರುಗಿಸಿದ.

“ಸಾಬ್ರ, ಏನೋ ಟಕ್ ಟಕ್ ಅಂತೈತಲ್ರೀ?”

“ನಂಗೂ ಕೇಳ್ತೈತಿ,” ಎಂದು ಹಿಂದಿನಿಂದ ಅಂಜಿನಕ್ಕ ಮುಂದಕ್ಕೆ ಬಗ್ಗಿದಳು.

ರಾಜಾಸಾಬ್ ಇಬ್ಬರ ತುಟಿಯನ್ನೂ ನೋಡಿದ. ಅವರ ಮಾತಿನಿಂದಲೇ ಅವನಿಗೆ ತಿಳಿಯಿತು, ಅದು ಬೇರಿಂಗಿನ ಬಡಿತ. ಅಲ್ಲೇ ಇಂಜಿನ್ ಬಂದ್ ಮಾಡಿದ್ದರೆ ಒಂದು ಜೊತೆ ಬೇರಿಂಗಿನ ಖರ್ಚಿನಲ್ಲಿ ಮುಗಿಯುತ್ತಿತ್ತು. ಆದರೆ ಬಂದ್ ಮಾಡು ಎಂದರೆ, ಅಂಗಳದಲ್ಲಿ ಯಾಕೆ ಕೇಳಿಸಲಿಲ್ಲ ಎಂದು ಅವರು ಕೇಳುತ್ತಿದ್ದರು.

“ಲೇ, ನೀ ಹೊಸಬ. ಗೇರ್ ತಪ್ಪಿ ಹಾಕೀದಿ, ಅದಕ್ಕ ಬಡಿತೈತಿ. ಹೊಡಿ, ಹೊಡಿ.”

ಹುಲುಗಣ್ಣನಿಗೆ ಹೆಂಡತಿಯ ಮುಂದೆ ನಾಚಿಕೆಯಾಯಿತು. ಗೇರು ಬದಲಿಸಿ ಜೋರು ಮಾಡಿದ. ನಾಲ್ಕು ಕಿಲೋಮೀಟರ್ ಆಚೆ ಕನೆಕ್ಟಿಂಗ್ ರಾಡ್ ಮುರಿದು ಇಂಜಿನ್ನಿನ ಹೊಟ್ಟೆ ಸೀಳಿ ಹೊರಗೆ ಬಂತು. ಆ ಸದ್ದು ರಾಜಾಸಾಬ್‌ಗೂ ಕೇಳಿಸಿತು.

ರಸ್ತೆಯ ಮೇಲೆ ಎಣ್ಣೆ ಹರಿಯಿತು. ಹುಲುಗಣ್ಣ ಸ್ಟೇರಿಂಗ್ ಬಿಡದೆ ಹಾಗೇ ಕುಳಿತಿದ್ದ. “ನಾನ ಕೆಡಿಸಿದೆ,” ಎಂದ. “ನಾನ ಕೆಡಿಸಿದೆ ನೋಡು.”

ಅಂಜಿನಕ್ಕ ಇಳಿದು ಬಿಸಿಲಲ್ಲಿ ರಾಜಾಸಾಬ್‌ನ ಎದುರು ನಿಂತಳು. “ಅಣ್ಣಾ, ನೀ ಮನಸಿಗೆ ಹಚ್ಕಬ್ಯಾಡ. ನೀ ಚಲೋದ ನೋಡಿ ಕೊಡಿಸಿದ್ದಿ. ಇವನ ಕೈಯಾಗ ಹಾಳಾತು.”

ರಾಜಾಸಾಬ್ ಅವಳ ಮಾತು ಮುಗಿಯುವತನಕ ತುಟಿ ನೋಡಿದ. ಆಮೇಲೆ ಬಾನೆಟ್ ಎತ್ತಿ, ತಲೆ ಒಳಗೆ ಹಾಕಿ ನಿಂತ. ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ.

ಎತ್ತು ಕಟ್ಟಿ ಕಾರನ್ನು ಕೊಟ್ಟೂರಿಗೆ ಎಳೆದು ತಂದರು. ಮುಂದಿನ ವಾರ ಹುಲುಗಣ್ಣ ಹಳೇ ಮಾಲೀಕನ ಲಾರಿಗೇ ಕ್ಲೀನರ್ ಆಗಿ ಮರಳಿದ. ಒಂದು ದಿನ ಮಾಲೀಕ ತನ್ನ ಜೀಪಿನ ಕೀಲಿ ಚಾಚಿ, ಮಗಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಾ ಎಂದ. ಹುಲುಗಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.