ಯಾರೂ ಹಿಡಿಯದ ಜವರೇಶ

ಕಬಡ್ಡಿ ತಂಡದ ಆಟಗಾರರ ದೂರು ಕೇಳಲೆಂದು ಹೊಸದಾಗಿ ಒಬ್ಬ ಅಧಿಕಾರಿಯನ್ನು ನೇಮಿಸಿದ್ದರು. ಮೊದಲ ದಿನವೇ ರೈಡರ್ ಜವರೇಶ ಹೋಗಿ ಅವರ ಮೇಜಿನೆದುರು ನಿಂತ. ಕೋಣೆಯಲ್ಲಿದ್ದದ್ದು ಒಂದೇ ಕುರ್ಚಿ. ಅದರಲ್ಲಿ ಅಧಿಕಾರಿ ಕೂತು ಫೋನು ನೋಡುತ್ತಿದ್ದರು.

"ಏನಪ್ಪಾ ನಿಂದು?"

"ಇಲ್ಲಿ ಕೆಲ್ಸ ಮಾಡಕ್ಕೇ ಆಯ್ತಿಲ್ಲ ಸಾರ್. ಅದೇನೋ ಟಾಕ್ಸಿಕ್ ಅಂತಾರಲ್ಲ, ಹಂಗಾಗ್ಬುಟ್ಟದೆ."

"ಯಾರಾದ್ರೂ ಹೊಡೀತಾರಾ?"

"ಮೊದ್ಲು ಚೆನ್ನಾಗಿ ಹೊಡೀತಿದ್ರು. ಕಾಲು ಹಿಡ್ದು ಕೆಡವೋರು, ನಾಲ್ಕೈದು ಜನ ಮೇಲೆ ಬಿದ್ದು ಉಸ್ರು ಕಟ್ಟಿಸೋರು. ಕೋಚು ನಮ್ಮಪ್ಪನ್ನೂ ಸೇರ್ಸಿ ಬಯ್ಯೋರು. ಆರಾಮಾಗಿದ್ದೆ."

ಅಧಿಕಾರಿ ಫೋನು ಕೆಳಗಿಟ್ಟರು. "ಮತ್ತೆ ಈಗೇನಾಯ್ತು?"

"ಪ್ರಾಕ್ಟೀಸಲ್ಲಿ ಯಾರೂ ನನ್ನ ಮುಟ್ಟೋದೇ ಇಲ್ಲ ಸಾರ್. ಕಬಡ್ಡಿ ಕಬಡ್ಡಿ ಅಂತ ನುಗ್ಗಿದ್ರೆ ಸರ್ದು ದಾರಿ ಬಿಡ್ತಾರೆ. ನಿನ್ನೆ ಒಬ್ಬ ತಾನೇ ಬಂದು ನನ್ನ ಕೈಗೆ ತಗಲಿಸ್ಕೊಂಡು ಔಟಾಗಿ, 'ಸೂಪರ್ ಅಣ್ಣ' ಅಂದ. ಕೋಚು ಎಳನೀರು ಕೆತ್ತಿಸಿ ತಂದುಕೊಡ್ತಾರೆ. ಹಿಂಗೇ ಆದ್ರೆ ಪಂದ್ಯದಲ್ಲಿ ಎದುರು ಟೀಮಿನೋರು ನನ್ನ ಮೂಳೆ ಪುಡಿ ಮಾಡ್ತಾರೆ. ನೀವಾದ್ರೂ ಹೇಳಿ, ನನ್ನೂ ಎಲ್ಲಾರಂಗೆ ನೋಡ್ಲಿ."

"ಹೇಳೋಣ ಬಿಡಪ್ಪ, ನಾನಿರೋದೇ ಅದಕ್ಕೆ. ಯಾವಾಗಿಂದ ಹೀಗೆ?"

"ಟೀಮಿನ ಓನರ್ ಮಗಳ ಜೊತೆ ನನ್ನ ನಿಶ್ಚಿತಾರ್ಥ ಆದಾಗಿಂದ."

ಅಧಿಕಾರಿ ದಡಬಡನೆ ಎದ್ದು, ಕರವಸ್ತ್ರದಿಂದ ಕುರ್ಚಿ ಒರೆಸಿ, ಅದನ್ನು ಮೇಜು ಸುತ್ತಿ ಹೊತ್ತು ತಂದು ಜವರೇಶನ ಹಿಂದಿಟ್ಟರು.

"ಕೂತ್ಕೊಳ್ಳಿ ಸಾರ್. ಎಳನೀರು ತರಿಸ್ಲಾ?"